ಅಳ್ಳು ಹುರಿಯುತ್ತಿದ್ದ ಗೀಸರ್

ನಡೆಯುತ್ತಿರುವ ಯಂತ್ರದ ಕಡೆ ತಿರುಗಿ ನೋಡಬಾರದು, ನೋಡಿದರೆ ಅದಕ್ಕೆ ದೃಷ್ಟಿ ತಾಗುತ್ತದೆ ಎಂಬುದು ಬಹಳ ವರ್ಷ ನನ್ನ ನಂಬಿಕೆಯಾಗಿತ್ತು. ಈ ನಂಬಿಕೆಗೆ ಶಾಸ್ತ್ರದ ಆಧಾರವಿಲ್ಲ. ಸೋಮಾರಿತನದ ಆಧಾರ ಮಾತ್ರ ಇದೆ. ಆದರೂ ಅದನ್ನು ನಾನು ಬಹಳ ನಿಷ್ಠೆಯಿಂದ ಪಾಲಿಸಿದೆ. ಫ್ಯಾನು ಕಿರ್ರೆಂದರೆ ಟೀವಿಯ ಸದ್ದು ಏರಿಸುತ್ತಿದ್ದೆ. ಸ್ಕೂಟರು ಹೊಗೆ ಕಾರತೊಡಗಿದರೆ ಹಿಂದಿನದನ್ನು ತೋರಿಸುವ ಕನ್ನಡಿಯನ್ನು ಬೇರೆ ಕಡೆ ತಿರುಗಿಸುತ್ತಿದ್ದೆ. ನನ್ನ ದೇಹವನ್ನೂ ಇದೇ ಧರ್ಮದಲ್ಲಿ ನಡೆಸಿಕೊಂಡು ಬಂದಿದ್ದೇನೆ. ಬಿಪಿ ನೋಡುತ್ತೇನೆಂದು ಡಾಕ್ಟರು ತೋಳಿಗೆ ಪಟ್ಟಿ ಸುತ್ತಲು ಬಂದರೆ ನನಗೆ ಅವರ ಮೇಲೆಯೇ ಅನುಮಾನ. ಹಾಯಾಗಿ ಕೂತವನಲ್ಲಿ ಏನಾದರೂ ಹುಡುಕಿ ತೆಗೆಯದೆ ಇವರಿಗೆ ಸಮಾಧಾನವಿಲ್ಲ ಅನಿಸುತ್ತದೆ. ನನ್ನ ನೌಕರಿಯೂ ಇದಕ್ಕೆ ಸ್ವಲ್ಪ ಕಾರಣವಿರಬೇಕು. ಯಾದಗಿರಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಖಿಡಕಿಯ ಹಿಂದೆ ಕೂತವನು ನಾನು. ಗಾಡಿಗೆ ಇನ್ನೂ ಬೇಕಾದಷ್ಟು ಹೊತ್ತಿರುವಾಗಲೇ ಗಂಟುಮೂಟೆ ಸಮೇತ ಓಡಿ ಬಂದು "ಗಾಡಿ ಬಂತೇನ್ರಿ?" ಎಂದು ಏದುಸಿರು ಬಿಡುವವರಿಗೆ "ಬರ್ತದ, ಕುಂದರ್ರಿ" ಎಂದು ಹೇಳಿ ಹೇಳಿ, ಲೋಕದ ಎಲ್ಲ ಸಂಗತಿಗಳಿಗೂ ಅದೇ ಉತ್ತರ ಸಾಕು ಎಂಬ ಭ್ರಮೆ ನನಗೆ ಹತ್ತಿಬಿಟ್ಟಿತ್ತು.

ನಮ್ಮ ಮನೆಗೆ ಗೀಸರ್ ಬಂದದ್ದು ಮಗಳು ಭಾಗ್ಯಳ ಲಗ್ನ ಗೊತ್ತಾದಾಗ. ಬೀಗರು ಬಂದು ಉಳಿದರೆ ಒಲೆಯ ಮೇಲೆ ನೀರು ಕಾಸಿ ಕೊಡುವುದು ಚಂದವಲ್ಲ ಎಂದು ನನ್ನ ಹೆಂಡತಿ ಮಹಾದೇವಿ ಹಟ ಹಿಡಿದು ತರಿಸಿದಳು. ಬಿಳಿಯ ದುಂಡು ಹೊಟ್ಟೆ, ಹಣೆಯಲ್ಲೊಂದು ಕೆಂಪು ದೀಪ. ಬಚ್ಚಲಿನ ಗೋಡೆಯ ಮೇಲೆ ಅದು ಕುಂಕುಮವಿಟ್ಟ ಮುತ್ತೈದೆಯಂತೆ ಕಾಣುತ್ತಿತ್ತು.

ಬೀಗರ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಭಾಗ್ಯಳ ಮಾವ ಅಯ್ಯಣ್ಣನವರು ಸುರಪುರದವರು. ನೌಕರಿಯ ಕಾಲವನ್ನೆಲ್ಲ ಹೊಲಗಳಿಗೆ ನೀರೆತ್ತುವ ಪಂಪ್‌ಹೌಸಿನಲ್ಲಿ ಕಳೆದು ನಿವೃತ್ತರಾದವರು. ಅವರ ಪ್ರಕಾರ ಮನುಷ್ಯರಲ್ಲಿ ಎರಡೇ ಜಾತಿ: ಸರ್ವೀಸ್ ಮಾಡಿಸುವವರು, ಮಾಡಿಸದವರು. ನಿಶ್ಚಿತಾರ್ಥದ ದಿನ ನಮ್ಮ ಮನೆಯ ಬಾಗಿಲು ಕಿರುಗುಟ್ಟಿದ್ದಕ್ಕೆ, ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುತ್ತಿರುವಾಗ ಅವರು ಅಡುಗೆಮನೆಯಿಂದ ಎಣ್ಣೆ ಕೇಳಿ ತರಿಸಿ ತಿರುಗಣೆಗೆ ಬಿಟ್ಟು, ಬಾಗಿಲನ್ನು ಹಿಂದೆ ಮುಂದೆ ಆಡಿಸಿ, ನನ್ನ ಕಡೆ ನೋಡಿ ನಕ್ಕಿದ್ದರು. ಆ ನಗೆ ನನಗೆ ಹಿಡಿಸಲಿಲ್ಲ. ಆಮೇಲೆ ಪ್ರತಿ ಸಲ ಬಂದಾಗಲೂ ಜಳಕ ಮುಗಿಸಿ ಹೊರಬಂದವರೇ ಟವೆಲಿನಿಂದ ಕಿವಿ ಒರೆಸಿಕೊಳ್ಳುತ್ತ, "ಬೀಗರ, ಗೀಸರ್ ಸರ್ವೀಸ್ ಯಾವಾಗ ಮಾಡ್ಸಿದ್ರಿ?" ಎಂದು ಕೇಳುವರು. ಹೆಣ್ಣು ಕೊಟ್ಟವನು ಎಷ್ಟು ಪ್ರಶ್ನೆಗೆ ಅಂತ ಉತ್ತರ ಕೊಡಬೇಕು? "ಮೊನ್ನೆರಿ" ಎನ್ನುತ್ತಿದ್ದೆ. ನನ್ನ ಮೊನ್ನೆ ಬಹಳ ವಿಶಾಲವಾದದ್ದು.

ನಮ್ಮ ಓಣಿಯ ಬೋರಿನ ನೀರು ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಬಕಾರ ನೊರೆ ಬಿಡುವುದಿಲ್ಲ. ಬಕೀಟಿನ ಒಳಮೈಗೆ ಸುಣ್ಣ ಬಳಿದಂತೆ ಬಿಳಿಯ ಪದರು ಕಟ್ಟುತ್ತದೆ. ಮಹಾದೇವಿ ಆಗಾಗ ಹುಣಸೆಹಣ್ಣು ಹಚ್ಚಿ ಬಕೀಟು ತಿಕ್ಕುತ್ತ ನೀರಿಗೆ ಬೈಯುತ್ತಿದ್ದಳು. ಅದೇ ನೀರು ಗೀಸರಿನ ಹೊಟ್ಟೆಯೊಳಗೂ ಇದೆ, ಅಲ್ಲಿ ತಿಕ್ಕುವವರು ಯಾರೂ ಇಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಮೊದಮೊದಲು ಒಂದು ಕಪ್ಪು ಚಹಾ ಕುಡಿದು ಮುಗಿಸುವುದರೊಳಗೆ ನೀರು ಕಾಯುತ್ತಿತ್ತು. ಬರಬರುತ್ತ ಇಡೀ ಪೇಪರು ಓದಿ, ನಿಧನ ವಾರ್ತೆಗಳನ್ನೂ ಮುಗಿಸಿದರೂ ಉಗುರುಬೆಚ್ಚಗೆ ಮಾತ್ರ. ನಿಧಾನವಾದರೂ ಕಾಯುತ್ತದಲ್ಲ ಎಂದುಕೊಂಡೆ. ಆಮೇಲೆ ಅದರೊಳಗಿಂದ ಟಪಟಪ ಸದ್ದು ಶುರುವಾಯಿತು.

"ಏನ್ರಿ, ಗೀಸರ್‌ನ್ಯಾಗ ಯಾರೋ ಅಳ್ಳು ಹುರ್ಯಾಕತ್ತಾರ ನೋಡ್ರಿ" ಎಂದಳು ಮಹಾದೇವಿ.

"ಪಂಚಮಿ ಹತ್ರ ಬಂತಲ್ಲ, ಅದಕ್ಕ" ಎಂದೆ. ನಮ್ಮ ಕಡೆ ನಾಗರಪಂಚಮಿಗೆ ಮನೆಮನೆಯಲ್ಲೂ ಜೋಳದ ಅಳ್ಳು ಹುರಿಯುತ್ತಾರೆ. ಆ ದಿನ ಈ ಮಾತಿಗೆ ನಾನೇ ಬಹಳ ಹೊತ್ತು ನಕ್ಕೆ. ಪಂಚಮಿ ಹೋಯಿತು, ದಸರಾ ಹೋಯಿತು, ಅಳ್ಳು ಹುರಿಯುವುದು ನಿಲ್ಲಲಿಲ್ಲ. ಕೆಂಪು ದೀಪ ಆರಿತು. ಕರೆಂಟು ಉಳಿಯಿತು ಎಂದೆ. ಪಕ್ಕದ ಸಣ್ಣ ವಾಲ್ವಿನಿಂದ ನೀರು ತೊಟ್ಟಿಕ್ಕತೊಡಗಿತು. ಕೆಳಗೊಂದು ತಂಬಿಗೆ ಇಟ್ಟು ಆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿ, ಹನಿ ನೀರಾವರಿ ಎಂದು ಓಣಿಯವರಿಗೆ ತೋರಿಸಿದೆ. ಗೀಸರ್ ಹಚ್ಚಿದರೆ ಒಮ್ಮೊಮ್ಮೆ ಮೇನ್ ಸ್ವಿಚ್ಚು ತಾನಾಗಿ ಬೀಳುತ್ತಿತ್ತು, ಎತ್ತಿ ಹಾಕುತ್ತಿದ್ದೆ. ಕೊನೆಗೆ ನಳ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನತೊಡಗಿತು. ಆಗಲೂ ನಾನು ಮಾಡಿದ್ದೇನೆಂದರೆ ಬಚ್ಚಲಿನ ಬಾಗಿಲಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ ತಂದಿಟ್ಟದ್ದು.

ರಿಪೇರಿ ಮಾಡುವವರು ಸಿಗಲಿಲ್ಲ ಎಂದು ಹೇಳಲು ನನಗೆ ಬಾಯಿಲ್ಲ. ಸ್ಟೇಷನ್ ರಸ್ತೆಯಲ್ಲಿ ಮೋಟರ್ ಕಟ್ಟುವ ಅಂಗಡಿಯ ರಫೀಕ್ ದಿನವೂ ನನ್ನ ಜೊತೆ ಚಹಾ ಕುಡಿಯುವವನು. ಅಳ್ಳಿನ ಸುದ್ದಿ ಹೇಳಿದಾಗ ಅವನು, "ಖೋಲ್ ಕೋ ದೇಖ್ ಲೇಂಗೆ ಸಾಹೇಬ್ರ, ಬಿಚ್ಚಿ ನೋಡೂಣು. ನಾಳಿ ಬರ್ತೀನಿ" ಎಂದ. ಮರುದಿನ ನನಗೆ ಡ್ಯೂಟಿ ಇತ್ತು, ಅದರ ಮರುದಿನ ಅವನಿಗೆ ಯಾರದೋ ಹೊಲದ ಮೋಟರ್ ಅವಸರವಿತ್ತು. ನಾನು ನಾಳೆ ಎಂದರೆ ಅವನು ಖುಷಿಯಿಂದ ಒಪ್ಪುತ್ತಿದ್ದ, ಅವನು ನಾಳೆ ಎಂದರೆ ನನಗೆ ಹಾಯೆನಿಸುತ್ತಿತ್ತು. ಮುಂದೂಡುವುದರಲ್ಲಿ ಇಷ್ಟು ಹೊಂದಾಣಿಕೆಯಿದ್ದ ಇಬ್ಬರು ಒಂದೇ ಊರಿನಲ್ಲಿ ಇದ್ದದ್ದು ಆ ಗೀಸರಿನ ದುರ್ದೈವ.

ಚಳಿ ಶುರುವಾಗುವ ಹೊತ್ತಿಗೆ ಭಾಗ್ಯ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಆ ದಿನಗಳನ್ನು ನೆನೆದರೆ ಈಗಲೂ ನನ್ನ ಮೂಗಿಗೆ ಅಜವಾನದ, ಲೋಬಾನದ ವಾಸನೆ ಬರುತ್ತದೆ. ನಮ್ಮ ಕಡೆ ಬಾಣಂತಿಗೆ ಎಣ್ಣೆ ತಿಕ್ಕಿ ಬೆನ್ನಿನ ಮೇಲೆ ಹಬೆಯಾಡುವ ನೀರು ಹಾಕುವುದೆಂದರೆ ಬರೀ ಸ್ನಾನವಲ್ಲ. ಹೆತ್ತ ಮೈಯನ್ನು ಮತ್ತೆ ಗಟ್ಟಿ ಮಾಡುವ ಕೆಲಸ ಅದು. ಅದನ್ನು ತವರಿನ ಕೈಯೇ ಮಾಡಬೇಕು. ಮಹಾದೇವಿ ಸೆರಗು ಸೊಂಟಕ್ಕೆ ಬಿಗಿದು ಬಚ್ಚಲಿಗೆ ಹೊಕ್ಕಳೆಂದರೆ ಯುದ್ಧಕ್ಕೆ ಹೊರಟವಳಂತೆ ಕಾಣುತ್ತಿದ್ದಳು. ಮೊದಲು ಕೂಸಿನ ಸ್ನಾನ. ಅದು ಮುಗಿದೊಡನೆ ಹಳೆಯ ಮೆತ್ತನೆಯ ಸೀರೆಯ ತುಂಡಿನಲ್ಲಿ ಸುತ್ತಿ, "ಹಿಡೀರಿ ನಿಮ್ಮ ಮೊಮ್ಮಗಳಿಗಿ" ಎಂದು ನನ್ನ ಕೈಗೆ ಕೊಡುತ್ತಿದ್ದಳು. ಬಿಸಿನೀರಿನಿಂದ ಕೆಂಪಾದ ಆ ಮುಖ, ಒಂದು ಸೀನು, ಆಮೇಲೆ ನನ್ನ ಹೆಗಲಿಗೆ ತಲೆ ಕೊಟ್ಟು ನಿದ್ದೆ. ಮಗಳ ಸ್ನಾನ ಮುಗಿಯುವವರೆಗೆ ನಾನು ಪಡಸಾಲೆಯಲ್ಲಿ ಆ ಸಣ್ಣ ಶಾಖವನ್ನು ಹೊತ್ತು ಅತ್ತಿಂದಿತ್ತ ತಿರುಗುತ್ತಿದ್ದೆ. ಆ ಹೊತ್ತಿಗಾಗಿ ನಾನು ಡ್ಯೂಟಿ ಬದಲಿಸಿಕೊಂಡಿದ್ದೆ. ಜೀವಮಾನದಲ್ಲಿ ನಾನು ಮುಂದೂಡದ ಕೆಲಸ ಅದೊಂದೇ.

ಒಂದು ಮುಂಜಾನೆ ಹಾಗೆಯೇ ಕೂಸನ್ನು ಹೊತ್ತು ತಿರುಗುತ್ತಿದ್ದೆ. ಬಚ್ಚಲಿನಿಂದ ಪಾತ್ರೆ ಬಿದ್ದ ಸದ್ದು, ಅದರ ಹಿಂದೆಯೇ ಭಾಗ್ಯಳ ಚೀರಾಟ. "ಅಪ್ಪಾ! ಅವ್ವಗ ಕರೆಂಟ್ ಹೊಡೀತು! ಮೇನ್ ತಗಿ!"

ಕೂಸನ್ನು ಹಾಸಿಗೆಯ ಮೇಲೆ ಮಲಗಿಸಿದೆನೋ ಎಸೆದೆನೋ ನನಗೆ ನೆನಪಿಲ್ಲ. ಮೇನು ಕೆಳಗೆಳೆದು ಓಡಿದೆ. ಮಹಾದೇವಿ ಗೋಡೆಗೆ ಒರಗಿ ಕೂತಿದ್ದಳು. ನಳಕ್ಕೆ ಕೈ ಹಾಕಿದ್ದಾಳೆ, ಅದು ಅವಳನ್ನು ಹಿಂದಕ್ಕೆ ತಳ್ಳಿದೆ, ಬೀಳುವಾಗ ಬಲ ಮುಂಗೈ ನೀರಿನ ಡ್ರಮ್ಮಿನ ಅಂಚಿಗೆ ಬಡಿದಿದೆ. ಕಣ್ಣು ಬಿಟ್ಟಿದ್ದಳು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಮಣೆಯ ಮೇಲೆ ಭಾಗ್ಯ, ತಲೆತುಂಬ ಎಣ್ಣೆ, ಮೈಗಂಟಿದ ಒದ್ದೆ ಸೀರೆ, ಗಡಗಡ ನಡುಗುತ್ತ ತಾಯಿಯ ಕೈ ಹಿಡಿದು ತಿಕ್ಕುತ್ತಿದ್ದಳು. ರಬ್ಬರ್ ಚಪ್ಪಲಿಗಳು ಬಾಗಿಲಲ್ಲಿ ಜೋಡಿಯಾಗಿ, ಒಣಗಿ, ಇಟ್ಟಲ್ಲಿಯೇ ಇದ್ದವು. ಸ್ವಲ್ಪ ಹೊತ್ತಿನ ಮೇಲೆ ಮಹಾದೇವಿ ಮೊದಲು ಆಡಿದ ಮಾತು, "ಆಕಿಗಿ ನೀರ ಹಾಕ್ರಿ, ಥಂಡಿ ಆಗ್ತದ." ಹಾಕಲು ಮನೆಯಲ್ಲಿ ಒಂದು ತಂಬಿಗೆ ಬಿಸಿನೀರಿರಲಿಲ್ಲ.

ಡಾಕ್ಟರು ಎಲುಬು ಮುರಿದಿಲ್ಲ, ಆದರೆ ಆ ಕೈಯಲ್ಲಿ ಏನನ್ನೂ ಎತ್ತಬಾರದು ಎಂದು ಹೇಳಿ ಕೊರಳಿಗೆ ಬಟ್ಟೆಯ ಜೋಳಿಗೆ ಕಟ್ಟಿ ಕಳಿಸಿದರು. ಅಂದು ರಫೀಕ್ ನಾಳೆ ಎನ್ನಲಿಲ್ಲ. ಕುಡಿಯುತ್ತಿದ್ದ ಚಹಾ ಬಿಟ್ಟು ಬಂದ. ಗೀಸರ್ ಇಳಿಸಿ ಬಿಚ್ಚಿದರೆ ಅಂಗಳದ ತುಂಬ ಸುಣ್ಣದ ಚಕ್ಕೆಗಳು ಸುರಿದವು. ಕಾಯಿಸುವ ಕಾಯಿಲಿನ ಮೇಲೆ ಅದು ಬೆರಳು ದಪ್ಪ ಮೆತ್ತಿಕೊಂಡು, ಒಳಗೊಳಗೇ ಸುಟ್ಟು, ಕಾಯಿಲು ಸೀಳಿ ಬಿಟ್ಟಿತ್ತು. ಆ ಸೀಳಿನಿಂದ ಕರೆಂಟು ನೀರಿಗಿಳಿದಿದೆ. ಅದನ್ನು ನೆಲಕ್ಕೆ ಒಯ್ಯಬೇಕಾದ ಅರ್ಥಿಂಗ್ ತಂತಿ ಯಾವಾಗಲೋ ಕಳಚಿ ಗೋಡೆಯೊಳಗೆ ತಣ್ಣಗೆ ಕೂತಿತ್ತು. ಟ್ಯಾಂಕಿನ ತಳ ತುಕ್ಕು ಹಿಡಿದು, ಜಂಗು ತಿಂದು ಜರಡಿಯಾಗಿತ್ತು. ರಫೀಕ್ ಟೊಪ್ಪಿಗೆ ಸರಿಮಾಡಿಕೊಂಡು, "ಇದಕ್ಕ ರಿಪೇರಿ ಇಲ್ರಿ ಸಾಹೇಬ್ರ. ಇದನ್ನ ದಫನ್ ಮಾಡ್ಬೇಕು" ಎಂದ. ಆಮೇಲೆ, "ತಪ್ಪು ನಂದೂ ಅದ. ನಾ ಬಂದಿದ್ರ..." ಎಂದು ಸುಣ್ಣದ ಚಕ್ಕೆಗಳನ್ನು ಒಂದು ಕಡೆ ಗುಡಿಸತೊಡಗಿದ. ಬಚ್ಚಲಿನ ವೈರು ಪೂರ್ತಿ ಹೊಸದಾಗಿ ಎಳೆಯದೆ ಬೇರೆ ಗೀಸರ್ ಹಚ್ಚುವುದು ಬೇಡವೆಂದ. ಅದಕ್ಕೆ ಗೋಡೆ ಒಡೆಯಬೇಕು.

ಇನ್ನು ನೀರು ಕಾಸುವ ಹೊಣೆ ನನ್ನ ಮೇಲೆ ಬಿತ್ತು. ಮೊದಲು ಗ್ಯಾಸಿನ ಮೇಲೆ ಕಾಸಿದೆ. ಇದಕ್ಕಾಗಿಯೇ ಕಾದಿತ್ತೆಂಬಂತೆ ಸಿಲಿಂಡರು ತೀರಿತು. ಆಮೇಲೆ ಮಾಳಿಗೆಯ ಮೇಲೆ ಮೂರು ಕಲ್ಲಿಟ್ಟು ಒಲೆ ಹೂಡಿ, ಕಟ್ಟಿಗೆ ಅಡ್ಡೆಯಿಂದ ಕಟ್ಟಿಗೆ ತಂದು ಊದಿದೆ. ಕಟ್ಟಿಗೆ ಹಸಿ. ಉರಿ ನನಗೆ ಕಾಣಲಿಲ್ಲ, ಹೊಗೆ ಮಾತ್ರ ಓಣಿಗೆಲ್ಲ ಕಂಡಿತು. "ಏನ್ ಕಾರ್ಯಕ್ರಮ ಅದ್ರಿ ಮನ್ಯಾಗ?" ಎಂದು ಆಚೆ ಮಾಳಿಗೆಯಿಂದ ಒಬ್ಬರು ಕೇಳಿದರು. ಆ ಹೊಗೆ ಆಕಾಶಕ್ಕೆ ಹೋಗುವ ಬದಲು ಮೆಟ್ಟಿಲಿಳಿದು ನೇರ ಬಾಣಂತಿಯ ಕೋಣೆಗೆ ಹೋಯಿತು. ಕೂಸು ಕೆಮ್ಮಿತು. ನಾನು ಕಾದ ನೀರಿನ ಕೊಡ ಹೊತ್ತು ಇಳಿಯುವಷ್ಟರಲ್ಲಿ ಅರ್ಧ ಮೆಟ್ಟಿಲಿಗೆ, ಉಳಿದ ಅರ್ಧ ಬೆಚ್ಚಗಿನ ನೀರು. ಅದನ್ನೇ ಭಾಗ್ಯ ತನ್ನ ಮೈಮೇಲೆ ತಾನೇ ಹಾಕಿಕೊಂಡಳು. ನಾನು ಹೊರಗೆ ಹೋದ ಮೇಲೆ ಮಹಾದೇವಿ ಎಡಗೈಯಲ್ಲಿ ಕೊಡ ಎತ್ತಲು ನೋಡುತ್ತಿದ್ದಳಂತೆ. ಇದು ನನಗೆ ಆಮೇಲೆ ಗೊತ್ತಾಯಿತು.

ಇಂಥ ಹೊತ್ತಿನಲ್ಲಿ ಅಯ್ಯಣ್ಣನವರು ಬಾಣಂತಿಗೆಂದು ಕಟ್ಟಿಸಿದ ಅಂಟಿನ ಉಂಡಿಯ ಡಬ್ಬಿ ಹಿಡಿದು ಮೊಮ್ಮಗಳನ್ನು ನೋಡಲು ಬಂದರು. ಬಾಗಿಲಲ್ಲಿ ಅವರಿಗೆ ಎದುರಾದದ್ದು ಮಸಿ ಮೆತ್ತಿದ ನನ್ನ ಮುಖ, ಅದರ ಹಿಂದೆ ಜೋಳಿಗೆಯಲ್ಲಿ ಕೈಯಿಟ್ಟುಕೊಂಡ ಮಹಾದೇವಿ. ಅವರು ಬಚ್ಚಲಿಗೆ ಹೋಗಿ ಖಾಲಿ ಗೋಡೆ ನೋಡಿದರು, ಅಂಗಳದಲ್ಲಿ ಬಿದ್ದ ಗೀಸರಿನ ಹೆಣ ನೋಡಿದರು. ನಾನು ಭಾಷಣಕ್ಕೆ ತಯಾರಾಗಿ ಕುರ್ಚಿಯಲ್ಲಿ ಕೂತೆ. ಅವರು ಬೈದಿದ್ದರೆ, ಆ ನಗೆ ಒಮ್ಮೆ ನಕ್ಕಿದ್ದರೆ, ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಚಹಾ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟು ಮೆಲ್ಲಗೆ ಹೇಳಿದರು:

"ಬೀಗರ, ನಾ ಏನೂ ಅನ್ನಂಗಿಲ್ಲ. ಅಕ್ಕಾರ ಕೈ ಹಿಂಗ ಅದ. ಕೂಸಿಗಿ ಥಂಡಿ ಆಗಬಾರ್ದು, ಅಷ್ಟ."

"ಒಂದ್ ನಾಕ ದಿನರಿ, ವೈರಿಂಗ್ ಮುಗೀತದ, ಹೊಸಾದು ಬರ್ತದ" ಎಂದೆ. ಖಿಡಕಿಯ ಹಿಂದಿನ ಅದೇ ಧ್ವನಿ.

ಒಳಗಿನ ಬಾಗಿಲಲ್ಲಿ ಭಾಗ್ಯ ಕೂಸನ್ನು ಹೊತ್ತು ನಿಂತಿದ್ದಳು. "ಅಪ್ಪಾ, ನಾ ಸುರಪುರಕ್ಕ ಹೋಗ್ತೀನಿ" ಎಂದಳು.

ಮಹಾದೇವಿ ತಲೆಯೆತ್ತಿದಳು. "ಅರ್ಧಾ ಬಾಣಂತನದಾಗ ತವರ ಬಿಟ್ಟ ಹೋಗ್ತಾರೇನವ್ವ?"

"ನೀ ಒಂದ ಕೈಲಿ ಕೊಡ ಎತ್ತೂದು ನಾ ನೋಡ್ಲಾರೆ. ನಾ ಇಲ್ಲೇ ಇದ್ರ ನಿನ ಕೈ ಆರಾಮ ಆಗಂಗಿಲ್ಲ. ನೀ ಸುಮ್ಮ ಕೂಡಾಕಿ ಅಲ್ಲ, ನನಗ ಗೊತ್ತದ" ಎಂದಳು ಭಾಗ್ಯ. ಅವಳ ಧ್ವನಿ ಗಟ್ಟಿಯಾಗಿತ್ತು. ನನ್ನ ಕಡೆ ತಿರುಗಿ, "ನೀ ಮನಸಿಗಿ ಹಚ್ಕೋಬ್ಯಾಡಪಾ" ಎಂದಳು. ಮಗಳು ತಪ್ಪನ್ನು ಎತ್ತಿ ಆಡದೆ ಬಿಟ್ಟಾಗ ಅಪ್ಪನಾದವನು ಮುಖವನ್ನು ಎಲ್ಲಿಡಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ.

ಮರುದಿನ ಅಳಿಯ ಕಾರು ತಂದ. ಮಹಾದೇವಿ ಎಡಗೈಯಿಂದಲೇ ಮಗಳ ಉಡಿ ತುಂಬಿದಳು, ತಟ್ಟೆ ನಾನು ಹಿಡಿದೆ. ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಕಾರು ಹೋದ ಮೇಲೆ ಅವಳು ಬಾಗಿ ಒಂದೊಂದೇ ಕಾಳು ಆರಿಸತೊಡಗಿದಳು. ನಾನೂ ಕೂತು ಆರಿಸಿದೆ. ಆ ದಿನ ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಅಷ್ಟೇ.

ಗೋಡೆ ಒಡೆದು, ವೈರು ಎಳೆದು, ಹೊಸ ಗೀಸರ್ ಬಂತು. ರಫೀಕ್ ಅದರ ಕೆಂಪು ದೀಪ ಹಚ್ಚಿ ತೋರಿಸಿ, ಮೆಚ್ಚುಗೆಗಾಗಿ ನಮ್ಮ ಮುಖ ನೋಡಿದ. ಮಹಾದೇವಿ, "ಯಾರಿಗಿ ಕಾಸಲಿ?" ಎಂದು ಆರಿಸಿ ಒಳಗೆ ಹೋದಳು. ಅವಳ ಕೈ ವಾಸಿಯಾಯಿತು. ಆದರೆ ಓಣಿಯ ಯಾವ ಹೆಂಗಸಾದರೂ "ಮಗಳು ಇಷ್ಟ ಜಲ್ದಿ ಹೋದಳೇನ್ರಿ?" ಎಂದು ಕೇಳಿದರೆ ಅವಳು ನನ್ನ ಹೆಸರು ಹೇಳದೆ, ನೀರಿನ ಹೆಸರು ಹೇಳುತ್ತಿದ್ದಳು. ಅದನ್ನು ಒಳಗಿನಿಂದ ಕೇಳಿಸಿಕೊಳ್ಳುವುದು ಬೈಗುಳಕ್ಕಿಂತ ಕಷ್ಟವಾಗಿತ್ತು.

ತವರಿನಲ್ಲಿ ಆಗಬೇಕಿದ್ದ ಕೂಸಿನ ತೊಟ್ಟಿಲ ಶಾಸ್ತ್ರ ಸುರಪುರದಲ್ಲೇ ಆಯಿತು. ಗೌರಿ ಎಂದು ಹೆಸರಿಟ್ಟರು. ನಾವು ಬಸ್ಸಿನಲ್ಲಿ ಹೋದೆವು. ದಾರಿಯಲ್ಲಿ ಶಹಾಪುರದ ಗುಡ್ಡ ಬರುತ್ತದೆ, ಬುದ್ಧ ಮಲಗಿದ ಹಾಗೆ ಕಾಣುತ್ತದೆಂದು ಬಸ್ಸಿನವರೆಲ್ಲ ಖಿಡಕಿಗೆ ಬಾಗಿದರು. ಮಲಗಿದ್ದಕ್ಕೆ ಕೈಮುಗಿಸಿಕೊಳ್ಳುವ ಆ ಗುಡ್ಡದ ಮೇಲೆ ನನಗೆ ಅಂದು ಅಸೂಯೆಯಾಯಿತು. ಸುರಪುರದಲ್ಲಿ ಬೀಗತಿ ಕೂಸಿಗೆ ನೀರು ಹಾಕಿ, ಬಟ್ಟೆ ಸುತ್ತಿ ತಂದು, "ಹಿಡೀರಿ ಬೀಗರ, ಜ್ವಾಕಿ" ಎಂದು ನೆಂಟನಿಗೆ ಕೊಡುವಂತೆ ನನ್ನ ಕೈಗೆ ಕೊಟ್ಟರು. ಗೌರಿ ಒಂದು ಗಳಿಗೆ ನನ್ನನ್ನು ದಿಟ್ಟಿಸಿ ನೋಡಿ ಕಿರುಚಿ ಅತ್ತಳು. ನಾನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ತಿರುಗಿದೆ, ಅಳು ಏರಿತು. ಅಯ್ಯಣ್ಣನವರು ಬಂದು ಎತ್ತಿಕೊಂಡರು, ಥಟ್ಟನೆ ನಿಂತಿತು. "ಹೊಸಾ ಮುಖ ಅಲ್ರಿ, ಅದಕ್ಕ" ಎಂದು ಅವರು ಸಮಾಧಾನ ಹೇಳಿದರು. ಹುಟ್ಟಿದಂದಿನಿಂದ ಅವಳು ಮಲಗಿದ್ದ ಹೆಗಲು ನನ್ನದು. ನಾನು ಹೌದ್ರಿ ಎಂದೆ.

ಊಟದ ಹೊತ್ತಿಗೆ ನಾನೇ ಕೇಳಿದೆ, "ಬೀಗರ, ಸರ್ವೀಸ್ ಅಂದ್ರ ಏನೇನ್ ಮಾಡ್ತಾರ್ರಿ?" ಇಷ್ಟು ದಿನ ಮಾತು ಬಿಗಿಹಿಡಿದಿದ್ದ ಮನುಷ್ಯನ ಮುಖ ಅರಳಿತು. ಹೋಳಿಗೆ ಕೈಯಲ್ಲೇ ಉಳಿಯಿತು. ವರ್ಷಕ್ಕೊಮ್ಮೆ ಬಿಚ್ಚಿ ಸುಣ್ಣ ತೆಗೆಸಬೇಕು, ಟ್ಯಾಂಕು ಜಂಗು ಹಿಡಿಯದಂತೆ ಒಳಗೊಂದು ಸರಳು ಇರುತ್ತದೆ, ಅದು ತಾನು ಕರಗಿ ಟ್ಯಾಂಕು ಉಳಿಸುತ್ತದೆ, ಕರಗಿದರೆ ಬದಲಿಸಬೇಕು, ವಾಲ್ವು ನೋಡಬೇಕು, ಅರ್ಥಿಂಗ್ ನೋಡಬೇಕು, ಸದ್ದು ಬಂದರೆ ಅಂದೇ ಆರಿಸಬೇಕು. "ಅದು ಮಾತಾಡ್ತದ್ರಿ. ನಾವು ಕೇಳ್ಬೇಕು" ಎಂದರು. ಸಾರು ಆರಿತು, ಅನ್ನ ಆರಿತು, ಪುರಾಣಕ್ಕೆ ಕೂತವನಂತೆ ನಾನು ಎಲ್ಲವನ್ನೂ ಕೇಳಿದೆ. ಪುರಾಣ ಕೇಳಿದರೆ ಮುಂದಿನ ಜನ್ಮಕ್ಕಾದರೂ ಪ್ರಯೋಜನವಿದೆ.

ಈಗ ನಮ್ಮ ಗೀಸರ್ ಯಾದಗಿರಿಯಲ್ಲೇ ಅತ್ಯಂತ ಆರೋಗ್ಯವಂತ ಗೀಸರ್. ವರ್ಷಕ್ಕೊಮ್ಮೆ ರಫೀಕ್‌ನನ್ನು ಕೈಹಿಡಿದು ಕರೆತಂದು ಬಿಚ್ಚಿಸುತ್ತೇನೆ. ಒಳಗೆ ಸುಣ್ಣವೇ ಇರುವುದಿಲ್ಲ. ಮಹಾದೇವಿ ಅದನ್ನು ಹಚ್ಚಿದರೆ ತಾನೆ? "ಸಾಹೇಬ್ರ, ಜರಾ ವಾಪರಿಸ್ರೀ ಇದನ್ನ. ಬಳಸಿದ್ರ ಸರ್ವೀಸ್ ಮಾಡ್ಲಿಕ್ಕಿ ನನಗೂ ಮನಸ್ಸು ಬರ್ತದ" ಎಂದು ಅವನು ಬೇಡಿಕೊಳ್ಳುತ್ತಾನೆ. ಅಳಿಯ, ಮಗಳು ಇಬ್ಬರೂ ಶಾಲೆಯಲ್ಲಿ ಕಲಿಸುವವರು. ಚಳಿಗಾಲದಲ್ಲಿ ಅವರಿಗೆ ರಜೆಯಿಲ್ಲ. ಹೀಗಾಗಿ ಗೌರಿ ನಮ್ಮಲ್ಲಿ ನಾಲ್ಕು ದಿನ ನಿಲ್ಲಲೆಂದು ಬಂದದ್ದು ಈ ಬೇಸಗೆಯಲ್ಲಿ, ಮಾತು ಕಲಿತು, ಗೊಂಬೆಯನ್ನು ಕಾಲು ಹಿಡಿದು ಎಳೆದುಕೊಂಡು.

ಬಂದ ಮರುದಿನವೇ ಬೆಳಿಗ್ಗೆ ಎದ್ದು ಗೀಸರ್ ಹಚ್ಚಿದೆ. ಬಕೀಟು ತುಂಬಿ, ಟವೆಲು ಹೆಗಲಿಗೆ ಹಾಕಿಕೊಂಡು, ಹಬೆಯ ನಡುವೆ ನಿಂತು, "ಬಾರವ್ವ ಗೌರಿ, ಮುತ್ಯಾ ನೀರ ಕಾಸ್ಯಾನ" ಎಂದು ಕರೆದೆ. ಅವಳು ಓಡಿ ಬಂದು ಒಂದು ಬೆರಳು ಅದ್ದಿ, ತಟ್ಟನೆ ಹಿಂದೆಗೆದು, ನನ್ನನ್ನು ನೋಡಿದಳು. "ಸುಡ್ತದ!"

ಯಾದಗಿರಿಯ ಬೇಸಗೆಯಲ್ಲಿ ಮಾಳಿಗೆಯ ಟ್ಯಾಂಕಿನ ನೀರೇ ಕೈ ಸುಡುತ್ತದೆ. ಊರಿಗೆ ಊರೇ ಹಿಂದಿನ ದಿನ ನೀರು ತುಂಬಿ ನೆರಳಿನಲ್ಲಿಟ್ಟು ಆರಿಸಿಕೊಳ್ಳುವ ಕಾಲದಲ್ಲಿ, ಕಾಸುತ್ತಿದ್ದವನು ನಾನೊಬ್ಬನೇ. ಮಹಾದೇವಿ ಮೊಮ್ಮಗಳನ್ನು ಎತ್ತಿಕೊಂಡು ಹೋಗಿ ಅಂಗಳದ ಡ್ರಮ್ಮಿನ ತಣ್ಣೀರು ಹಾಕಿದಳು. ಇಬ್ಬರೂ ಒಬ್ಬರಿಗೊಬ್ಬರು ಎರಚಿಕೊಂಡು ನಗುತ್ತಿದ್ದರು. ಅಲ್ಲಿಂದಲೇ ಅವಳು ಕೂಗಿ ಹೇಳಿದಳು, "ಕಾಸಿದ್ದ ನೀರ ಚೆಲ್ಲಬ್ಯಾಡ್ರಿ, ನೀವಽ ಹಾಕ್ಕೋರಿ."

ಹಾಕಿಕೊಂಡೆ. ತಂಬಿಗೆಯ ಮೇಲೆ ತಂಬಿಗೆ, ಬಕೀಟು ಬರಿದಾಗುವವರೆಗೆ. ಹೊರಬಂದು ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಕೂತರೆ ಬೆವರು ನೆತ್ತಿಯಿಂದ ಹೊರಟು ಕಣ್ಣಿಗಿಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಗೌರಿ ಗೊಂಬೆಯ ಜೊತೆ ಬಂದು ನನ್ನ ಮುಖವನ್ನೇ ನೋಡುತ್ತ ನಿಂತಳು.

"ಮುತ್ಯಾ, ನೀ ಮಾರಿ ಒರಸ್ಕೊಂಡಿಲ್ಲೇನು?"

"ಒರಸ್ಕೊಳ್ಳಾಕತ್ತೀನವ್ವ," ಎಂದೆ ಟವೆಲು ಮುಖಕ್ಕೆ ಒತ್ತಿಕೊಂಡು, "ಅದಽ ನಿಲ್ಲವಲ್ದು."